ಮುಖಾಮುಖಿ ಎರಡು ಸಾವಿರ ಮೀಟರ್

“ಎಳೀರಿ! ಹಾಗೇ... ಎಳೀರಿ! ಪುತ್ತಬ್ಬ, ನಿದ್ರೆಯಾ ನಿಮಗೆ?”

“ಸೊಂಟ ಹೋಯ್ತು ಮಾರಾಯ್ತಿ!”

“ಮಾತಾಡುವಷ್ಟು ಉಸಿರು ಉಂಟಲ್ಲ? ಅದನ್ನು ಹುಟ್ಟಿಗೆ ಹಾಕಿ!”

ಕುವೈತಿನ ಭಾರತೀಯರ ದೋಣಿಯ ನಾಲ್ಕು ಹುಟ್ಟುಗಳು ಒಟ್ಟಿಗೆ ನೀರಿಗಿಳಿದವು. ಎಡಗಡೆ ಇಟಲಿಯ ದೋಣಿ ಅರ್ಧ ಮಾರು ಹಿಂದೆ. ಬಲಗಡೆ ಬಹರೈನಿನದು ಇನ್ನೂ ಹಿಂದೆ. ಎರಡು ಮಹಾಯುದ್ಧಗಳ ನಡುವೆ ಯುರೋಪಿನಲ್ಲಿ ನಡೆಯುತ್ತಿದ್ದ ಗಂಡಸರ ದೋಣಿ ಚಾಂಪಿಯನ್‌ಷಿಪ್‌ನ ನೆನಪಿಗೆ ಕುವೈತಿನ ಒಂದು ಕ್ಲಬ್ಬು ಏರ್ಪಡಿಸಿದ ಪಂದ್ಯ ಇದು. ಅಂದಿನಂತೆಯೇ ಮರದ ದೋಣಿ, ಅಂದಿನಂತೆಯೇ ಹುಟ್ಟು ಹಾಕುವವರು ಗಂಡಸರೇ. ಚುಕ್ಕಾಣಿ ಮಾತ್ರ ಯಾರು ಬೇಕಾದರೂ ಹಿಡಿಯಬಹುದು. ಐವತ್ತು ಕೆಜಿ ತೂಗದ ಅಮಿತಾ, ನಿಯಮದ ತೂಕ ತುಂಬಿಸಲು ಮಡಿಲಲ್ಲಿ ಮರಳಿನ ಚೀಲ ಇಟ್ಟುಕೊಂಡು, ಚುಕ್ಕಾಣಿ ಹಿಡಿದು ಕೂತಿದ್ದಳು.

ಗುರಿ ಕಾಣುವುದು ಅವಳೊಬ್ಬಳಿಗೇ. ನಾಲ್ವರು ಗಂಡಸರೂ ಗುರಿಗೆ ಬೆನ್ನು ಹಾಕಿದವರು. ಅವಳ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ, ನೈಜೆಲ್.

ಪ್ರತಿ ಎಳೆತಕ್ಕೂ ಅವನ ಮುಖ ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು. ರೆಪ್ಪೆಯ ತುದಿಯಲ್ಲಿ ಉಪ್ಪುನೀರು. ಮೇಲ್ದುಟಿಯ ಮೇಲೆ, ಕ್ಷೌರದ ಬ್ಲೇಡು ತಪ್ಪಿಸಿಕೊಂಡ ನಾಲ್ಕು ಕೂದಲು. ಅವಳನ್ನು ನೋಡಬಾರದೆಂದು ಅವಳ ಭುಜದಾಚೆಯ ನೀರನ್ನು ನೋಡುವನು, ತಡೆಯಲಾರದೆ ಮತ್ತೆ ನೋಡುವನು. ಆ ಕಣ್ಣಿನಲ್ಲಿ ನಗು ಇಣುಕಿದೊಡನೆ ಅವಳು ಇನ್ನೂ ಗಟ್ಟಿಯಾಗಿ ಕೂಗುವಳು. ಎರಡು ವರ್ಷದಿಂದ ಪ್ರತಿ ಶುಕ್ರವಾರದ ಅಭ್ಯಾಸದಲ್ಲಿ ಹೀಗೆಯೇ ಬಂದು ಹೋಗುತ್ತಿದ್ದ ಮುಖ. ಅವಳಿಗೆ ಸಾಕಾಗಿತ್ತು.

ಪ್ರೀತಿ ಸಾಕಾಗಿರಲಿಲ್ಲ, ಕಾಯುವುದು ಸಾಕಾಗಿತ್ತು. ಮೊದಲು ಅವನ ತಂಗಿ ಮರೀನಾಳ ಮದುವೆ ಆಗಲಿ ಎಂದ. ಆಯಿತು. ಅಮ್ಮನ ಕಣ್ಣಿನ ಆಪರೇಷನ್ ಆಗಲಿ ಎಂದ. ಅದೂ ಆಯಿತು. ಆಮೇಲೆ, ಈ ರೇಸ್ ಒಂದು ಮುಗಿಯಲಿ ಎಂದ. ಅಮ್ಮ ಅಪೊಲೋನಿಯಾ ಇದ್ದದ್ದು ಹವಲ್ಲಿಯಲ್ಲಿ, ಕಾರಿನಲ್ಲಿ ಇಲ್ಲಿಂದ ಹತ್ತು ನಿಮಿಷ. “ಅಮ್ಮಾ, ಹುಡುಗಿ ನಮ್ಮ ಇಗರ್ಜಿಯವಳಲ್ಲ, ಉಡುಪಿಯ ತುಳುವಳು” ಎಂಬ ಒಂದು ವಾಕ್ಯಕ್ಕೆ ಆ ಹತ್ತು ನಿಮಿಷದ ದಾರಿ ಎರಡು ವರ್ಷದಲ್ಲಿ ಮುಗಿದಿರಲಿಲ್ಲ.

ಸಾವಿರ ಮೀಟರ್. ಅರ್ಧ ದಾರಿ.

“ಎಳೀರಿ! ನೈಜೆಲ್, ನನಗೆ ಮಸ್ಕತ್‌ನಲ್ಲಿ ಕೆಲಸ ಸಿಕ್ಕಿದೆ. ಎಳೀರಿ!”

ಅವನ ಕಣ್ಣು ನೀರಿನಿಂದ ಅವಳತ್ತ ಹೊರಳಿತು.

“ಭಾನುವಾರ ಇಲ್ಲಿ ಇರುವ ಇಕಾಮಾ ಪರ್ಮಿಟ್ ಕ್ಯಾನ್ಸಲ್ ಮಾಡಿಸ್ತೇನೆ. ಎಳೀರಿ! ಹೋಗುವುದು ಬೇಡ ಅನ್ನುವುದಾದರೆ ಇವತ್ತು ಮಧ್ಯಾಹ್ನ ನನ್ನನ್ನು ನಿನ್ನ ಅಮ್ಮನ ಮನೆಗೆ ಕರ್ಕೊಂಡು ಹೋಗು. ಎಳೀರಿ!”

ಮುಂದಿನ ಎಳೆತಕ್ಕೆ ನೈಜೆಲ್‌ನ ಹುಟ್ಟು ಚೂರು ತಡವಾಗಿ ನೀರಿಗಿಳಿಯಿತು, ಸಿಕ್ಕಿಕೊಂಡಿತು, ಹಿಡಿ ತಿರುಗಿ ಅವನ ಹೊಟ್ಟೆಗೆ ಬಡಿಯಿತು. ದೋಣಿ ಒಮ್ಮೆ ನಡುಗಿ ನಿಂತಂತಾಯಿತು. ಇಟಲಿ ದಾಟಿತು. ಬಹರೈನೂ ದಾಟಿತು.

ಮೂರನೆಯವರಾಗಿ ಗೆರೆ ಮುಟ್ಟಿದಾಗ ನಾಲ್ವರೂ ಹುಟ್ಟಿನ ಮೇಲೆ ಕವಿಚಿ ಬಿದ್ದರು.

“ಖಲಾಸ್,” ಎಂದ ಪುತ್ತಬ್ಬ ಹಿಂದಿನಿಂದ. “ಅಲ್ಲ ತಂಗಿ, ಇದನ್ನು ದಡದಲ್ಲಿ ಕೇಳ್ಬಾರದಿತ್ತಾ?”

“ದಡದಲ್ಲಿ ಇವನು ತಪ್ಪಿಸಿಕೊಳ್ತಾನೆ ಪುತ್ತಬ್ಬ. ಇಲ್ಲಿ ಕಾಲನ್ನು ದೋಣಿಗೆ ಕಟ್ಟಿದ್ದಾರೆ.”

ಪುತ್ತಬ್ಬನಿಗೆ ನಗು ಬಂತು, ನಗಲು ಸೊಂಟ ಬಿಡಲಿಲ್ಲ. “ನಾವು ಮೂವರು ಕಿವುಡರು ಅಂತ ತಿಳ್ಕೊಳ್ಳಿ,” ಎಂದು ಆಕಾಶ ನೋಡತೊಡಗಿದ.

ನೈಜೆಲ್ ತಲೆಯೆತ್ತಿದ. ಅವನ ಅಂಗೈಯ ಬೊಬ್ಬೆ ಒಡೆದಿತ್ತು. ಅಮಿತಾ ಆ ಕೈಯನ್ನು ತೆಗೆದುಕೊಂಡು ತನ್ನ ಶಾಲಿನ ತುದಿಯಿಂದ ಒತ್ತಿ ಹಿಡಿದಳು. ಇಷ್ಟು ದಿನ ಅಷ್ಟು ಹತ್ತಿರ ಕೂತಿದ್ದರೂ ಅವರು ಹೀಗೆ ಮುಟ್ಟಿದ್ದು ಮೊದಲ ಸಲ. ಬಿಸಿ ಕೈ. ಬಿಡಲು ಮನಸ್ಸಾಗದ ಕೈ.

“ಸಾರಿ ಅಮಿತಾ. ಸೋತದ್ದು ನನ್ನಿಂದ.”

“ಸೋತದ್ದಕ್ಕೆ ಬೇಸರ ಇಲ್ಲ.”

“ನೀನಿಲ್ಲದೆ ನನಗೆ ಆಗುವುದಿಲ್ಲ. ಪ್ರಾಮಿಸ್. ಯಾರನ್ನು ನೋಡಿಕೊಂಡು ಹುಟ್ಟು ಹಾಕಲಿ ನಾನು?”

ಎರಡು ವರ್ಷದಲ್ಲಿ ಅವನ ಬಾಯಿಂದ ಬಂದ ಅತಿ ಚೆಂದದ ಮಾತು. “ಹಾಗಾದರೆ ಬಾ, ಈಗಲೇ ಹೋಗುವಾ,” ಎಂದಳು.

ಅವನು ದಡ ನೋಡಿದ, ಅವಳನ್ನು ನೋಡಿದ, ಮತ್ತೆ ದಡ ನೋಡಿದ.

“ಈಗ ತಪಸ್ಸಿನ ಕಾಲ ಅಲ್ವಾ? ಅಮ್ಮ ಉಪವಾಸದಲ್ಲಿ ಇರ್ತಾರೆ, ಇಂಥ ಮಾತು ಎತ್ತಿದರೆ ಸುಮ್ಮನೆ ಕೋಪ ಬರ್ತದೆ. ಈಸ್ಟರ್ ಒಂದು ಆಗಲಿ. ಮಸ್ಕತ್‌ಗೆ ಇನ್ನೊಂದು ತಿಂಗಳು ಟೈಮ್ ಕೇಳು. ಕಾಯ್ತೀಯಲ್ಲ, ಅಮಿತಾ?”

ಅವಳು ಅವನ ಕೈಯನ್ನು ಮೆಲ್ಲಗೆ ಅವನ ಮೊಣಕಾಲಿನ ಮೇಲೆ ಇಟ್ಟಳು.

“ಇಲ್ಲ ನೈಜೆಲ್. ಕಾಯುವುದಿಲ್ಲ.”