ಹರಕೆ ಹುಂಜದ ಕಾಲು

ಗೋದಾವರಿ ಅಕ್ಕೋರ ಅಂಗಳದ ತುಂಬ ಹುಂಜದ ಪುಕ್ಕ ಬಿದ್ದಿತ್ತು.

ಸೋಮವಾರ ಬೆಳಿಗ್ಗೆ ನಾಯಿಗಳಿಗೆ ಗಂಜಿ ಹಾಕಲು ಹಿಂಬಾಗಿಲು ತೆಗೆದವರು ಪಾತ್ರೆ ಹಿಡಿದುಕೊಂಡು ಹಾಗೆಯೇ ನಿಂತರು. ಕೆಂಪು ಪುಕ್ಕ, ಕಪ್ಪು ಪುಕ್ಕ. ನಡುವೆ ರಕ್ತ ಮೆತ್ತಿದ ಒಂದು ಕೋಳಿಕಾಲು. ಕಾಲಿಗೆ ಅರಿಶಿನದ ದಾರ. ಅಂಗಳದ ಸುತ್ತ ಕಟ್ಟಿದ ಬಲೆಯಲ್ಲಿ, ಹಿಂದಿನ ಮೂಲೆಗೆ, ಒಂದು ನಾಯಿ ನುಸುಳುವಷ್ಟು ತೂತು.

ಅಕ್ಕೋರು ಮೊದಲು ನೋಡಿದ್ದು ತಮ್ಮ ಪ್ರಾಣಿಗಳು ಇವೆಯೋ ಇಲ್ಲವೋ ಎಂದು. ನಾಯಿಗಳಿದ್ದವು. ಬೆಕ್ಕುಗಳಿದ್ದವು. ರೆಕ್ಕೆ ಮುರಿದ ಗರುಡ ಬುಟ್ಟಿಯ ಮೇಲೆ ಎಂದಿನಂತೆ ಮುಖ ಊದಿಸಿಕೊಂಡು ಕೂತಿತ್ತು. ಅವರು ಉಸಿರು ಬಿಡುವಷ್ಟರಲ್ಲಿ ಗೇಟಿನಲ್ಲಿ ಬೊಬ್ಬೆ ಎದ್ದಿತು.

"ಜಟಗನ ಹುಂಜ! ಅಕ್ಕೋರ ನಾಯಿ ಜಟಗನ ಹುಂಜ ತಿಂದದೆ! ಎಲ್ಲಾ ಬನ್ನಿ!"

ಕೂಗಿದವನು ಎರಡು ಮನೆಯಾಚೆಯ ರೂಪೇಶ. ಬೆಂಕಿ ಬಿದ್ದರೂ ನಿಧಾನಕ್ಕೆ ಏಳುವ ಕಾಲನಿ ಅಂದು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಓಡಿಬಂತು. ಬೇರೆಯವರ ಮನೆಯಲ್ಲಿ ತಪ್ಪು ಸಿಕ್ಕಿದೆ ಎಂದರೆ ಈ ಜನರ ಕಾಲಿಗೆ ಎಲ್ಲಿಂದಲೋ ಬಲ ಬರುತ್ತದೆ.

ತೋಡೂರಿನ ಈ ಪುನರ್ವಸತಿ ಕಾಲನಿಯ ಚರಿತ್ರೆ ಚಿಕ್ಕದು. ನೌಕಾನೆಲೆಗೆ ಊರು ಹೋದಾಗ ಎಲ್ಲರೂ ಲಾರಿ ಹತ್ತಿ ಬಂದರು. ಬಾಗಿಲು, ಚೌಕಟ್ಟು ಕಿತ್ತು ತಂದರು. ಹಂಚು ಇಳಿಸಿ ತಂದರು. ಜಟಗ ದೇವರನ್ನು ವಾಲಗ ಊದಿಸಿ ತಂದರು. ನಾಯಿ ಬೆಕ್ಕುಗಳನ್ನು ಖಾಲಿ ಜಗಲಿಯ ಮೇಲೆ ಬಿಟ್ಟು ಬಂದರು. ಮಾರನೇ ದಿನ ಒಂದು ಟೆಂಪೋ ಹಿಡಿದು ಹಿಂದಕ್ಕೆ ಹೋಗಿ ಅವನ್ನು ತುಂಬಿಕೊಂಡು ಬಂದವರು ಗೋದಾವರಿ ಒಬ್ಬರೇ. ಹಳೆ ಊರಿನ ಬಾಲವಾಡಿಯಲ್ಲಿ ಅರ್ಧ ಕಾಲನಿಗೆ ಅಕ್ಷರ ಕಲಿಸಿದವರು. ಮಕ್ಕಳಿಗೆ ಏನು ಕಲಿಸಿದೆನೋ ಎಂದು ಅವರಿಗೆ ಅಂದೇ ಅನುಮಾನ ಬಂದಿರಬೇಕು.

ಆಮೇಲೆ ಕಾಲನಿಗೆ ಇನ್ನೊಂದು ಅನುಕೂಲ ಸಿಕ್ಕಿತು. ಬೇಡದ ಮರಿಗಳನ್ನು ಗೋಣಿಯಲ್ಲಿ ಕಟ್ಟಿ ಕತ್ತಲಲ್ಲಿ ಅಕ್ಕೋರ ಗೇಟಿಗೆ ಇಡುವುದು, ಬೆಳಗಾದ ಮೇಲೆ "ಪ್ರಾಣಿ ಹೆಚ್ಚಾದವು" ಎಂದು ಕಮಿಟಿಗೆ ದೂರು ಕೊಡುವುದು.

ಅಕ್ಕೋರು ಹಳೆ ಮೀನುಬಲೆ ತಂದು ಅಂಗಳದ ಸುತ್ತ ಮಾಡಿನ ತನಕ ಎತ್ತಿ ಕಟ್ಟಿದರು. ಬುಡಕ್ಕೆ ಚಿರೇಕಲ್ಲು ಹೇರಿದರು. ಬಾವಿಗೂ ಬಲೆ ಹಾಕಿದರು. ಒಂದರ ಹಿಂದೆ ಒಂದು ಗೇಟು ಇಟ್ಟರು. ಮೊದಲನೆಯದು ಮುಚ್ಚದೆ ಎರಡನೆಯದನ್ನು ತೆಗೆಯುವಂತಿಲ್ಲ. "ಅಕ್ಕೋರ ಜೈಲು" ಎಂದು ಜನ ನಕ್ಕರು.

* * *

ಕಮಿಟಿ ಅಧ್ಯಕ್ಷ ಸತೀಶ ಠಾಣೆಗೆ ಫೋನು ಮಾಡಿದ. ನಾಯಿಗೆ ಹೇಳಿದರೆ ನಾಯಿ ಬಾಲಕ್ಕೆ ಹೇಳಿತಂತೆ. ಇನ್‌ಸ್ಪೆಕ್ಟರು ಸಬ್ ಇನ್‌ಸ್ಪೆಕ್ಟರಿಗೆ ಹೇಳಿ, ಅವರು ಇವರಿಗೆ ಹೇಳಿ, ಕೊನೆಗೆ ಬೈಕು ಹತ್ತಿ ಬಂದವರು ಎ.ಎಸ್.ಐ. ಬೊಮ್ಮಯ್ಯ. ಸರ್ವಿಸು ಮುಗಿಯುತ್ತ ಬಂದಿತ್ತು. ಮನುಷ್ಯರ ಬಗ್ಗೆ ಅವರಿಗಿದ್ದ ಅಭಿಪ್ರಾಯ ಇಷ್ಟು ವರ್ಷದಲ್ಲಿ ಒಂದು ಸಲವೂ ಸುಧಾರಿಸಿರಲಿಲ್ಲ.

"ತನಿಖೆ ಎಂತದೂ ಬೇಡ ಸಾಹೇಬ್ರೆ," ಎಂದ ಸತೀಶ. "ಸಂಜೆ ಟೆಂಪೋ ಬತ್ತದೆ. ಎಲ್ಲಾ ಪ್ರಾಣಿ ತುಂಬಿ ರಾಮನಗುಳಿ ದಾಟಿ ಕಾಡಲ್ಲಿ ಬಿಡೂದು. ಅಕ್ಕೋರು ಅಡ್ಡ ಬಂದ್ರೆ ನೀವು ಸರಿಸಿದ್ರೆ ಸಾಕು."

"ಅಲ್ಲಿ ಚಿರತೆ ಅದೆಯಲ್ಲ?"

"ಅದಕ್ಕೆ ನಾವೇನ್ ಮಾಡೂಕೆ ಆಗ್ತದೆ? ಅದು ಪ್ರಕೃತಿ."

"ಹೌದು ಹೌದು. ಹುಂಜ ತಿಂದ್ರೆ ಅಪರಾಧ, ಚಿರತೆ ನಾಯಿ ತಿಂದ್ರೆ ಪ್ರಕೃತಿ. ಹುಂಜ ಯಾರದ್ದು?"

ಸತೀಶ ಎದೆ ಸೆಟೆಸಿದ. ಮಂತ್ರಕ್ಕಿಂತ ಉಗುಳೇ ಜಾಸ್ತಿ ಎನ್ನುವ ಆಸಾಮಿ. ಕಳೆದ ಮಳೆಗಾಲದಲ್ಲಿ ಮಗಳು ದೀಕ್ಷಾಗೆ ಜ್ವರ ಬಿಡದಿದ್ದಾಗ ಜಟಗನಿಗೆ ಹುಂಜ ಹೇಳಿಕೊಂಡಿದ್ದ. ಜ್ವರ ಬಿಟ್ಟಿತು. ಹರಕೆ ತೀರಿಸುವ ತನಕ ಹುಂಜ ಸಾಕಬೇಕಲ್ಲ? ಆದರೆ ಅಧ್ಯಕ್ಷರ ಅಂಗಳಕ್ಕೆ ಹೊಸದಾಗಿ ಟೈಲ್ಸ್ ಹಾಕಿಸಿತ್ತು. ಟೈಲ್ಸ್ ಮೇಲೆ ದೇವರ ಹುಂಜವೂ ಹೊಲಸು ಮಾಡಬಾರದು. ಹಾಗಾಗಿ ಹೆಂಡತಿಯ ತಮ್ಮ ರೂಪೇಶನ ಮನೆಯಲ್ಲಿ ಬಿಟ್ಟಿದ್ದ.

ಬೊಮ್ಮಯ್ಯ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತರು. ಪುಕ್ಕ ಎತ್ತಿ ತಿಕ್ಕಿ ನೋಡಿದರು, ಮೂಸಿದರು, ಮುಖ ಕಿವುಚಿದರು. ಪುಕ್ಕ ನಾಲ್ಕೈದು ಒಟ್ಟಿಗೆ ಅಂಟಿಕೊಂಡು ಮುದ್ದೆಯಾಗಿದ್ದವು. ಕೋಳಿಕಾಲು ತಿರುಗಿಸಿದರು. ಗಂಟಿನಲ್ಲಿ ನುಣ್ಣಗೆ ತುಂಡಾಗಿತ್ತು.

"ಈ ದಾರ?"

"ಹರಕೆ ದಾರ. ಯಾರೂ ತಪ್ಪಿ ಕೊಯ್ಯಬಾರ್ದು ಅಂತ ನಾನೇ ಕಟ್ಟಿದ್ದು, ಹೇಳಿಕೊಂಡ ದಿವ್ಸವೇ. ಹುಂಜ ದೇವರಿಗೆ ಒಪ್ಪಿಸೂ ತನಕ ಬಿಚ್ಚೂಕಿಲ್ಲ."

"ಬಿಚ್ಚಿದ ಮೇಲೆ?"

"ನೆಲಕ್ಕೆ ಹಾಕೂಕಿಲ್ಲ. ತುಳಸಿಗೆ ಕಟ್ಟೂದು. ನಿಮ್ಗೆ ಗೊತ್ತಿಲ್ದೇ ಅದೆಯಾ?"

"ನೀನು ಸಾಕಿದವ," ಎಂದು ಬೊಮ್ಮಯ್ಯ ರೂಪೇಶನ ಕಡೆ ತಿರುಗಿದರು. "ದಾರ ಹಳೇದಾಯ್ತು ಅಂತ ಬದಲಿಸಿದ್ಯಾ?"

"ಅಯ್ಯೋ, ಇಲ್ಲ ಸಾಹೇಬ್ರೆ! ಭಾವ ಕಟ್ಟಿದ್ದೇ. ದೇವರ ದಾರ ಮುಟ್ಟೂಕೆ ನಂಗೆ ಹುಚ್ಚಾ?"

ಬೊಮ್ಮಯ್ಯ ಕಾಲನ್ನು ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು. ಸತೀಶ ಮೂಗು ಮುಚ್ಚಿಕೊಂಡ.

* * *

ಬಲೆಯ ತೂತಿನಲ್ಲಿ ನೂಲು ಹಿಂಜಿರಲಿಲ್ಲ. ಸಾಲಾಗಿ ಕೊಯ್ದಂತಿತ್ತು. ಹಲ್ಲಿನ ಕೆಲಸವಲ್ಲ, ಕತ್ತಿಯದು ಎಂದು ಬೊಮ್ಮಯ್ಯ ತೋರಿಸಿದರು.

"ಹಂಗಾದ್ರೆ ಕಾಶೀದೇ ಕೆಲ್ಸ," ಎಂದು ನಾಲ್ಕು ಜನ ಒಟ್ಟಿಗೆ ಹೇಳಿದರು. ಪಕ್ಕದ ಮನೆಯ ಕಾಶಿ ಮೀನು ಮಾರುವವಳು. ಅಕ್ಕೋರ ಬೆಕ್ಕು ಅವಳ ಒಣಮೀನು ಕದ್ದಾಗ "ನಿಮ್ಮ ಬಲೆ ಕೊಯ್ದು ಹಾಕ್ತೆ" ಎಂದು ಕೂಗಿದ್ದನ್ನು ಇಡೀ ಕಾಲನಿ ಕೇಳಿತ್ತು.

ಕಾಶಿ ಜಗಲಿಯಲ್ಲಿ ಬಂಗಡೆ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಹೇಳಿದ್ದು ಹೌದು ಸಾಹೇಬ್ರೆ. ಆದ್ರೆ ಆ ಬಲೆ ಕೊಟ್ಟವಳೂ ನಾನೇ. ನನ್ನ ಗಂಡನ ಬಲೆ ಅದು. ಕೊಯ್ಯೂದಾದ್ರೆ ಹಗಲಲ್ಲೇ ಕೊಯ್ದು, ಅಕ್ಕೋರ ಮುಂದೆ ನಾಲ್ಕು ಮಾತಾಡಿಯೇ ಬತ್ತಿದ್ದೆ. ಈ ಕಾಲನಿ ಗಂಡಸರ ಹಂಗೆ ಕದ್ದು ಮಾಡೂಕೆ ನಂಗೆ ಬರೂದಿಲ್ಲ."

"ನಿನ್ನೆ ಎಲ್ಲಿದ್ದೆ?"

"ಆದಿತ್ಯವಾರ ಅಂಕೋಲೆ ಪೇಟೆ. ಸಂಜೆ ಬಸ್ಸಿಗೆ ಬಂದೆ."

"ಬಸ್ಸಲ್ಲಿ ನಮ್ಮ ಕಡೆಯವ್ರು ಯಾರಿದ್ರು?"

ಕಾಶಿಯ ಕೈ ನಿಂತಿತು. "ರೂಪೇಶ ಇದ್ದ. ಖಾಲಿ ಬುಟ್ಟಿ ತೊಡೆ ಮೇಲೆ. ಕಾಲಬುಡಕ್ಕೆ ಬಾಯಿ ಕಟ್ಟಿದ ಒಂದು ಪ್ಲಾಸ್ಟಿಕ್ ಕೊಟ್ಟೆ. ಮೀನಿನವಳು ಹತ್ರ ಕೂತ್ರೆ ಮೂಗು ಮುಚ್ಕೊಳ್ಳೂ ಅಂವ ನಿನ್ನೆ ಬಾಯಿ ಬಿಡಲಿಲ್ಲ. ನನ್ನ ಬುಟ್ಟಿಗಿಂತ ಅವನ ಕೊಟ್ಟೇನೇ ನಾರ್ತಿತ್ತು."

ಬೊಮ್ಮಯ್ಯ ಅಂದು ಮೊದಲ ಸಲ ನಕ್ಕರು.

* * *

ಅಕ್ಕೋರು ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದರು. ಪಕ್ಕದಲ್ಲಿ ಆರೋಪಿ, ಬಾಬು ಎಂಬ ಕಂದು ಬಣ್ಣದ ಮುದಿ ನಾಯಿ. ಬಟ್ಟಲು ನೆಕ್ಕಿ ನೆಕ್ಕಿ ಬೆಳಗುವಂತೆ ಮಾಡಿತ್ತು.

"ಇಷ್ಟು ದೊಡ್ಡ ಹುಂಜ ತಿಂದವ ಗಂಜಿಗೆ ಹೀಗೆ ಬೀಳ್ತಾನಾ ಬೊಮ್ಮಯ್ಯ?" ಎಂದರು ಅಕ್ಕೋರು. ಅಳುತ್ತಿರಲಿಲ್ಲ. ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಹಾಕಿದರು. "ಹೊರಗೆ ಬಿಟ್ರೆ ಒಂದು ರಾತ್ರಿ ಬದುಕೂದಿಲ್ಲ ಇವು. ಒಂದಕ್ಕೆ ಕಣ್ಣಿಲ್ಲ, ಒಂದಕ್ಕೆ ಕಾಲಿಲ್ಲ. ನಾನು ಟೆಂಪೋಕ್ಕೆ ಅಡ್ಡ ಮಲಗ್ತೆ. ನೀವು ಎತ್ತಿ ಹಾಕಿ, ಬೇಜಾರಿಲ್ಲ."

"ರಾತ್ರಿ ನಾಯಿ ಬೊಗಳಲಿಲ್ವಾ?"

"ಉಳಿದವು ಒಳಗಿದ್ವು. ಹಿಂದಿನ ಮೂಲೇಲಿ ಬಾಬು ಒಂದೇ. ಬೊಗಳಲಿಲ್ಲ. ಕುಂಯ್ ಕುಂಯ್ ಅಂತಿತ್ತು, ನಾನು ಪೇಟೆಯಿಂದ ಬಂದಾಗ ಮಾಡ್ತದಲ್ಲ, ಹಂಗೆ."

"ಇದು ಮೊದಲು ಯಾರ ನಾಯಿ?"

ಅಷ್ಟರಲ್ಲಿ ಬಲೆಯಾಚೆ ರೂಪೇಶ ಹಾದುಹೋದ. ಬಾಬು ಎದ್ದು, ಮುದಿ ಸೊಂಟ ಅಲುಗಿಸುತ್ತ ಬಲೆಯ ತನಕ ಓಡಿ, ಬಾಲ ಆಡಿಸಿತು. ರೂಪೇಶ ಕಲ್ಲು ಎತ್ತಿದ. ಬಾಲ ನಿಲ್ಲಲಿಲ್ಲ.

"ತಿಳೀತು," ಎಂದರು ಬೊಮ್ಮಯ್ಯ.

* * *

ಸಂಜೆ ಟೆಂಪೋ ಬಂತು. ನೋಡಲು ಕಾಲನಿಯೂ ಬಂತು. ಬೊಮ್ಮಯ್ಯ ಎಲ್ಲರನ್ನೂ ರೂಪೇಶನ ಅಂಗಳಕ್ಕೆ ಕರೆದರು. ಅಕ್ಕೋರೂ ಬಂದರು; ಬಾಬುವಿನ ಸರಪಳಿ ಕೈಯಲ್ಲೇ ಇತ್ತು. ಬೊಮ್ಮಯ್ಯ ಜೇಬಿನಿಂದ ಕೋಳಿಕಾಲು ತೆಗೆದರು.

"ಮೊದಲು ಪುಕ್ಕದ ಮಾತು. ನಾಯಿ ಕೋಳಿ ಹಿಡಿದ್ರೆ ಪುಕ್ಕ ಒಣಗಿರ್ತದೆ, ಚರ್ಮದ ತುಂಡು ಅಂಟಿರ್ತದೆ. ಇದು ಬಿಸಿನೀರಿಗೆ ಅದ್ದಿ ಕಿತ್ತ ಪುಕ್ಕ. ಅಕ್ಕೋರ ನಾಯಿ ಎಷ್ಟೇ ಬುದ್ಧಿವಂತ ಆದ್ರೂ ಒಲೆ ಹೊತ್ತಿಸಿ ನೀರು ಕಾಯಿಸೂದಿಲ್ಲ."

ಯಾರೋ ಕಿಸಕ್ಕೆಂದರು.

"ಈಗ ಕಾಲು. ಹಿಂದಿನ ಮುಳ್ಳು ಸವರಿದಾರೆ. ಯಾಕೆ? ಕೋಳಿ ಅಂಕದಲ್ಲಿ ಅಲ್ಲಿ ಕತ್ತಿ ಕಟ್ಟೂಕೆ. ನೂಲು ಸುತ್ತಿ ಬಿಗಿದ ಗೆರೆ ಇಲ್ಲೇ ಕಾಣ್ತದೆ. ಆದಿತ್ಯವಾರ ಅಂಕೋಲೆ ಹತ್ರದ ಗೇರು ತೋಟದಲ್ಲಿ ಅಂಕ ನಡೀತದೆ, ಠಾಣೆಗೆ ಗೊತ್ತಿದ್ದದ್ದೇ. ಸತೀಶ, ನಿನ್ನ ಹರಕೆ ಹುಂಜ ನಿನ್ನೆ ಅಲ್ಲಿ ಕಾದಾಡಿ ಸತ್ತದೆ. ಸೋತ ಕೋಳಿ ಗೆದ್ದವನ ಪಾಲು. ಅಲ್ಲೇ ಸುಲಿದು ಸಾರು ಮಾಡಿದ್ರು. ನಿನ್ನ ಬಾಮೈದ ಪುಕ್ಕ, ಕಾಲು ಬೇಡಿ ಕೊಟ್ಟೆಯಲ್ಲಿ ತುಂಬ್ಕೊಂಡು ಬಂದ."

"ಸುಳ್ಳು!" ಎಂದ ರೂಪೇಶ. "ಅಂಕಕ್ಕೆ ಹೋದ ಕೋಳಿ ಕಾಲಲ್ಲ ಅದು. ಭಾವ ಕಟ್ಟಿದ ದಾರ ಅದರಲ್ಲೇ ಅದೆ!"

"ಅದೇ ನಾನೂ ಹೇಳೂದು. ಮಳೆಗಾಲದಲ್ಲಿ ಕಟ್ಟಿದ ದಾರ. ಗೊಬ್ಬರದ ಗುಂಡಿ ಕೆದಕುವ ಹುಂಜದ ಕಾಲಲ್ಲಿ ಇಷ್ಟು ತಿಂಗಳು ಇದ್ದದ್ದು. ನೋಡಿ, ಅಂಗಡಿಯಿಂದ ಈಗ ತಂದ ಹಾಗೆ ಹಳದಿ. ಕಾಲಿಗೆಲ್ಲ ರಕ್ತ, ದಾರದ ಅಡಿಗೂ ರಕ್ತ, ದಾರಕ್ಕೆ ಮಾತ್ರ ಒಂದು ಹನಿ ಇಲ್ಲ. ಕಾಲು ತುಂಡಾಗಿ ರಕ್ತ ಒಣಗಿದ ಮೇಲೆ ಕಟ್ಟಿದ ದಾರ ಇದು."

ಸತೀಶ ಹತ್ತಿರ ಬಂದು ದಾರ ತಿರುಗಿಸಿ ನೋಡಿದ.

"ದೇವರ ಹುಂಜ ಕಾದಾಟಕ್ಕೆ ಒಯ್ಯೂಕೆ ಇವನಿಗೆ ಹೆದರಿಕೆ ಆಗಲಿಲ್ಲ," ಎಂದರು ಬೊಮ್ಮಯ್ಯ. "ಹರಕೆ ದಾರದ ಜೊತೆ ಕತ್ತಿ ಕಟ್ಟೂಕೆ ಹೆದರಿಕೆ ಆಯ್ತು. ಜಟಗ ನೋಡ್ತಾನೆ ಅಂತ ಮನೇಲೇ ಬಿಚ್ಚಿದ. ದಾರ ಬಿಚ್ಚಿದ್ರೆ ಜಟಗನ ಕಣ್ಣು ಮುಚ್ತದೆ ಅಂತ ಇವನ ಲೆಕ್ಕ. ಸತ್ತ ಕಾಲಿಗೆ ಅದೇ ದಾರ ತಿರುಗಿ ಕಟ್ಟೂಕೂ ಧೈರ್ಯ ಇಲ್ಲ. ಹೊಸದು ಕಟ್ಟಿದ. ಹಂಗಾದ್ರೆ ಹಳೇದು ಎಲ್ಲಿ? ಎಸೆಯೂ ಗಂಡಸು ಇಂವ ಅಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ರೂಪೇಶನ ಕಣ್ಣು ತನ್ನಷ್ಟಕ್ಕೆ ತುಳಸಿಕಟ್ಟೆಯ ಕಡೆ ಹೋಯಿತು.

ಬೊಮ್ಮಯ್ಯ ಹೋಗಿ ತುಳಸಿಯ ಎಲೆ ಸರಿಸಿದರು. ಬುಡದ ಕಾಂಡಕ್ಕೆ ಕಪ್ಪಾಗಿ ಕೊಳೆ ಹಿಡಿದ ಒಂದು ದಾರ ಕಟ್ಟಿತ್ತು. ಸತೀಶ ಬಗ್ಗಿ ನೋಡಿದ. ತಾನೇ ಹಾಕಿದ ಮೂರು ಗಂಟು ಗುರುತು ಸಿಕ್ಕಿತು.

ರೂಪೇಶ ಸತೀಶನ ಕಾಲು ಹಿಡಿದು ಕೂತ. "ಗೆಲ್ತದೆ ಅಂದ್ಕೊಂಡೆ ಭಾವ... ಒಂದೇ ಆಟ ಅಂತ... ಸೋತ ಮೇಲೆ ನಿಮ್ಗೆ ಎಂತ ಹೇಳೂದು? ಹೆಂಗೂ ಅಕ್ಕೋರ ನಾಯಿ ಅಂದ್ರೆ ಯಾರೂ ಎರಡನೇ ಮಾತು ಕೇಳೂದಿಲ್ಲ ಅಂತ..."

ಮೊಸರು ತಿಂದ ಮಂಗ ಮೇಕೆಯ ಬಾಯಿಗೆ ಒರೆಸಿತಂತೆ. ಆ ಮಂಗಕ್ಕೂ ಒಂದು ಮರ್ಯಾದೆ ಇತ್ತು. ಅದು ಒರೆಸಿದ್ದು ಬೇರೆಯವರ ಮೇಕೆಗೆ.

"ಅಕ್ಕೋರ ನಾಯಿ ಅಲ್ಲ, ಇದು ಇವನದೇ ನಾಯಿ," ಎಂದರು ಬೊಮ್ಮಯ್ಯ. "ಹಳೆ ಊರಲ್ಲಿ ಬಿಟ್ಟು ಬಂದದ್ದು. ನಿನ್ನೆ ರಾತ್ರಿ ಇಂವ ಬಲೆ ಕೊಯ್ಯೂವಾಗ ಅದು ಬೊಗಳಲಿಲ್ಲ. ತನ್ನ ಕರ್ಕೊಂಡು ಹೋಗೂಕೆ ಬಂದ ಅಂತ ಖುಷಿಪಟ್ಟಿತ್ತು."

ಅಂಗಳದಲ್ಲಿ ನಿಂತವರು ಒಬ್ಬೊಬ್ಬರಾಗಿ ಬಾಬುವಿನಿಂದ ಮುಖ ತಿರುಗಿಸಿದರು. ಹಳೆ ಊರಲ್ಲಿ ನಾಯಿ ಬಿಟ್ಟು ಬಂದವರೇ ಎಲ್ಲರೂ.

ಟೆಂಪೋ ಡ್ರೈವರಿಗೆ ಬೇಗ ಹೋಗಬೇಕಿತ್ತು. "ಎಂತ ತುಂಬೂದು ಸಾಹೇಬ್ರೆ?"

"ಈ ಕಮಿಟಿ ತುಂಬು. ಚಿರತೆ ಮೂಸಿ ನೋಡ್ತದಾ ಕಾಣುವ."

ಸತೀಶನಿಗೆ ಈಗ ಸಿಟ್ಟು ತೀರಿಸಿಕೊಳ್ಳಲು ಒಬ್ಬ ಬೇಕಿತ್ತು. ಬಾಮೈದನ ಅಂಗಿಯ ಕಾಲರು ಹಿಡಿದು ಎಬ್ಬಿಸಿದ. "ನಾಯಿ! ಥೂ, ನಾಯಿ ಜನ್ಮದವ್ನೆ!"

"ಸತೀಶ."

ಅದು ಬಾಲವಾಡಿಯ ದನಿ. ಅಧ್ಯಕ್ಷನ ಕೈ ಕೆಳಗಿಳಿಯಿತು.

"ಬೈಯೂದಾದ್ರೆ ಬೇರೆ ಹೆಸರು ಹುಡುಕು," ಎಂದರು ಅಕ್ಕೋರು. "ನಾಯಿ ಯಾರನ್ನೂ ಬಿಟ್ಟು ಲಾರಿ ಹತ್ತಲಿಲ್ಲ."

ಬೊಮ್ಮಯ್ಯ ರೂಪೇಶನನ್ನು ಬೈಕಿನ ಹಿಂದೆ ಕೂರಿಸಿಕೊಂಡರು. ಕೋಳಿ ಅಂಕ ನಡೆಸಿದ ಉಳಿದವರ ಹೆಸರು ಅವನ ಬಾಯಿಂದ ದಾರಿಯಲ್ಲೇ ಉದುರುತ್ತದೆ ಎಂದು ಅವರಿಗೆ ಗೊತ್ತಿತ್ತು. ಬಾಬು ಸರಪಳಿ ಜಗ್ಗಿತು, ಬೈಕಿನ ಕಡೆ ನೋಡಿ ಬಾಲ ಆಡಿಸಿತು. ರೂಪೇಶ ತಲೆ ತಗ್ಗಿಸಿದ. ಬೈಕು ತಿರುವು ದಾಟಿದ ಮೇಲೂ ಅದು ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು.

ಕಾಶಿ ಆಗಲೇ ನೂಲು ಹಿಡಿದು ಬಲೆಯ ತೂತಿನ ಮುಂದೆ ಕೂತಿದ್ದಳು. ಜನ ಮೆಲ್ಲಗೆ ಅಕ್ಕೋರ ಹಿಂದೆಯೇ ಅವರ ಮನೆಯತ್ತ ಬಂದರು. ಯಾರೋ "ಅಕ್ಕೋರೆ, ನಮ್ಗೆ ಗೊತ್ತಿರಲಿಲ್ಲ..." ಎಂದು ಶುರು ಮಾಡಿದರು.

"ಬಾ ಬಾಬು, ಮನೆಗೆ ಹೋಗುವ," ಎಂದರು ಅಕ್ಕೋರು.

ಒಳಗೆ ಹೋಗಿ ಮೊದಲ ಗೇಟು ಮುಚ್ಚಿದರು. ಆಮೇಲೆ ಎರಡನೆಯದು. ಕಾಲನಿ ಹೊರಗೆ ನಿಂತಿತ್ತು.