ಹಸಿರು ಸಾಲದ ನೀಲಿ ಮೋಟಾರು

ಸಾದಾ ಸಾಲ ಕೇಳಲು ಹೋದಾಗ ಶಿವಯೋಗೀಶನನ್ನು ಬ್ಯಾಂಕಿನವರು ಕೂರಿಸದೆಯೇ ಸಾಗಹಾಕಿದ್ದರು. ಸುಳ್ಳ ಎಂಬ ಊರಿನ ದಾರಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಅವನದು. ಇನ್ನೊಂದು ಶೆಡ್ ಕಟ್ಟುವ ಹಂಬಲ. ಈಗ ಅದೇ ಬ್ಯಾಂಕು, ಬಣ್ಣದ ನೀರನ್ನು ಶುದ್ಧ ಮಾಡಿ ಬಿಡುವವರಿಗೆ ಕಡಿಮೆ ಬಡ್ಡಿಯ ‘ಹಸಿರು ಸಾಲ’ವೆಂದು ಕರೆಕರೆದು ಕೊಡುತ್ತಿತ್ತು. ಹಳೆಯ ಅವಮಾನವನ್ನು ಅವನು ಮರೆತಿರಲಿಲ್ಲ. ಬೇಡವೆನ್ನಲು ಅವನೇನು ಸನ್ಯಾಸಿಯೇ?

ಮೊದಲ ಕಂತಿನಲ್ಲಿ ಎದ್ದು ನಿಂತದ್ದು ಎರಡನೆಯ ಶೆಡ್ಡು. ಶುದ್ಧೀಕರಣದ ಹೆಸರಿಗೆ ಒಂದು ತೊಟ್ಟಿ, ನೀಲಿ ಬಣ್ಣ ಬಳಿದ ಒಂದು ಮೋಟಾರು. ನಿಜವಾದ ಕೊಳೆನೀರನ್ನೆಲ್ಲ ಕಟ್ಟಿಗೆಯ ರಾಶಿಯ ಹಿಂದೆ ಅಡಗಿದ್ದ ಹಳೆಯ ಮೋಟಾರು ನೆಲದೊಳಗಿನ ಪೈಪಿನಿಂದ ಹಳ್ಳಕ್ಕೆ ನೂಕುತ್ತಿತ್ತು. ಮೊದಲು ಸಂಜೆಯಷ್ಟೇ ಕೆಂಪಾಗುತ್ತಿದ್ದ ಹಳ್ಳ ಹಸಿರು ಸಾಲ ಬಂದಮೇಲೆ ಹಗಲೆಲ್ಲ ಕೆಂಪು.

ಎರಡನೆಯ ಕಂತು ಬರಬೇಕಾದರೆ ಬ್ಯಾಂಕಿನ ಅಧಿಕಾರಿ ವೃಂದಾ ಬಂದು ನೋಡಿ ಒಪ್ಪಬೇಕಿತ್ತು. ಸಿಕ್ಕಿಬಿದ್ದರೆ ಕಾರ್ಖಾನೆಗೆ ಬೀಗ, ಅವನಿಗೆ ಜೈಲು. ದಸರೆಯ ಮರುದಿನ ಬರುತ್ತೇನೆಂದು ಆಕೆ ಹೇಳಿದಂದಿನಿಂದ ಶಿವಯೋಗೀಶ ನಿಂತಲ್ಲಿ ನಿಲ್ಲಲಿಲ್ಲ. ಹಳೆಯ ಮೋಟಾರು ನಡೆಸುವವರಿಗೆಲ್ಲ ಹಬ್ಬದ ರಜೆ ಕೊಟ್ಟು ಊರಿಗೆ ಅಟ್ಟಿದ. ಕಸ ಗುಡಿಸುವ ಮುರಿಗೆವ್ವ ಮಾತ್ರ ಉಳಿದಳು; ಚಹಾ ಮಾಡಲು ಒಬ್ಬರು ಬೇಕಲ್ಲ. ಖಂಡೇನವಮಿಯ ದಿನ ಯಂತ್ರಗಳ ಪೂಜೆಗೆ ನಿಲ್ಲುವಷ್ಟೂ ತಾಳ್ಮೆ ಅವನಿಗಿರಲಿಲ್ಲ.

“ಮುರಿಗೆವ್ವ, ವರ್ಷಾನಗಟ್ಟಲೆ ನಮಗ ದುಡದ ಮಷೀನು ಒಂದೂ ಬಿಡಬ್ಯಾಡ, ಮಾಲಿ ಹಾಕು,” ಎಂದು ಹೂವಿನ ಬುಟ್ಟಿಯನ್ನು ಅವಳ ಕೈಗಿಟ್ಟು, ತೊಟ್ಟಿಗೆ ತಿಳಿನೀರಿನ ಟ್ಯಾಂಕರು ಹುಡುಕಲು ಓಡಿದ.

ವೃಂದಾ ಬಂದಳು. “ಬನ್ನಿ ತೊಗೊಂಡು ಬಂಗಾರದಂಗ ಇರೋಣ್ರಿ ಮೇಡಂ,” ಎಂದು ಬನ್ನಿ ಎಲೆ ಕೊಟ್ಟ. ನೀಲಿ ಮೋಟಾರು ಗುಂಯ್‌ಗುಟ್ಟಿತು. ತೊಟ್ಟಿಯ ನೀರಿನಲ್ಲಿ ಆಕಾಶ ಕಾಣುತ್ತಿತ್ತು.

“ಭಾಳ ಛಲೋ ಅದರಿ,” ಎಂದಳು ವೃಂದಾ.

“ವರ್ಷಾತು, ಒಂದ ದಿನಾನೂ ನಿಂತಿಲ್ರಿ,” ಎಂದ. ಎಷ್ಟೋ ದಿನಗಳ ಮೇಲೆ ಅವನಿಗೆ ಉಸಿರು ಸಲೀಸಾಗಿ ಬಂತು.

ವೃಂದಾ ಹೊರಡಲು ತಿರುಗಿದವಳು ನಿಂತಳು. ಬಾಯ್ಲರಿಗೆ, ಬಣ್ಣದ ಯಂತ್ರಗಳಿಗೆ, ಕಡೆಗೆ ತೂಕದ ಕಾಟಾಕ್ಕೂ ಬಾಡಿದ ಚೆಂಡುಹೂವಿನ ಮಾಲೆ, ವಿಭೂತಿ, ಕುಂಕುಮ. “ಎಲ್ಲಾಕ್ಕೂ ಪೂಜಿ ಮಾಡೀರಿ. ಈ ನೀಲಿ ಮೋಟಾರಿಗಷ್ಟ ಯಾಕಿಲ್ರಿ?” ಎಂದು ಕೇಳಿದಳು. “ಮರತಿರಬೇಕ್ರಿ,” ಎಂದ ಶಿವಯೋಗೀಶ. ಚಹಾ ಹಿಡಿದು ಬಂದ ಮುರಿಗೆವ್ವನಿಗೆ ಆ ಮಾತು ಚುಚ್ಚಿತು. “ನಾ ಎಲ್ಲಿ ಮರತೇನ್ರಿ ಸಾವ್ಕಾರ್ರ? ಇದು ಯಾವತ್ತ ದುಡದೈತಿ? ದಿನಾ ದುಡಿಯೂದು ಕಟಗಿ ಹಿಂದಿಂದು. ಅದಕ್ಕ ಎಲ್ಲಾಕ್ಕಿಂತ ದೊಡ್ಡ ಮಾಲಿ ಹಾಕೇನ್ರಿ. ಬರ್ರಿ ಮೇಡಂ, ತೋರಸ್ತೇನಿ.”