ಅಳಿಸಿಹೋದ ಎರಡನೇ ಚಿತ್ರ

"ಎರಡೂ ಚಿತ್ರ ತೆಗೆದಿದ್ದೆ ಅಮ್ಮ. ಈಗ ಒಂದೇ ಇದೆ ಅಂತಾರೆ," ಎಂದಳು ಎಕ್ಸ್‌ರೇ ತೆಗೆಯುವವಳು, ಬಾಗಿಲಲ್ಲೇ ನಿಂತು.

ನನ್ನ ಸೋದರತ್ತೆ ಅವಳನ್ನು ಕೈಹಿಡಿದು ಕೂರಿಸಿದರು. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷಗಳ ಕಾಲ, ಕಳೆದುಹೋದ ಕಾಗದ ಹುಡುಕಿದ್ದ ಅತ್ತೆಗೆ ನಿವೃತ್ತಿಯಾದರೂ ಇಂಥ ಕೆಲಸ ತಪ್ಪಿರಲಿಲ್ಲ. ಜೊತೆಗೆ ಓಡಾಡುವುದು ನನ್ನ ಪಾಲು.

ಆರು ತಿಂಗಳ ಹಿಂದೆ ಬಸ್ ಚಾಲಕನೊಬ್ಬ ಕೆಮ್ಮೆಂದು ಅವಳು ಕೆಲಸಕ್ಕಿದ್ದ ಸಣ್ಣ ಆಸ್ಪತ್ರೆಗೆ ಬಂದಿದ್ದ. ಡಾಕ್ಟರು ಏನೂ ಇಲ್ಲವೆಂದು ಕಳಿಸಿದ್ದರು. ಈಗ ಅವನ ಹೃದಯದ ಹಿಂದೆ ಗಡ್ಡೆ ಬೆಳೆದು ಕೈಮೀರುವಂತಾಗಿತ್ತು.

"ಎದುರಿಂದ ತೆಗೆದ್ರೆ ಹೃದಯ ಅಡ್ಡ ಬರುತ್ತೆ. ಅದಕ್ಕೇ ಪಕ್ಕದಿಂದ ಇನ್ನೊಂದು ತೆಗೆದೆ. ತೆಗೆದೇ ಇಲ್ಲ ಅಂತ ಕೆಲಸದಿಂದ ಬಿಡಿಸಿದ್ರು."

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಡಾಕ್ಟರು ನಮ್ಮ ಮುಂದೆ ವರದಿ ಇಟ್ಟರು. "ನನಗೆ ಬಂದಿದ್ದು ಎದುರಿನ ಚಿತ್ರ ಒಂದೇ."

ಅತ್ತೆ ಗಟ್ಟಿಯಾಗಿ ಓದಿದರು: "ಶ್ವಾಸಕೋಶ ಸ್ವಚ್ಛ. ಹೃದಯದ ಹಿಂಬದಿಯೂ ಸ್ವಚ್ಛ."

ಆಸ್ಪತ್ರೆಯ ಕಂಪ್ಯೂಟರ್ ರಿಪೇರಿಯವನು ಸಿಡಿಮಿಡಿಗೊಂಡಿದ್ದ. "ಹೋದ ವಾರ ಹೊಸ ಕಂಪ್ಯೂಟರ್ ಬಂತು. ನಕಲು ಮಾಡುವಾಗ ನಾನೇ ಕಳೆದೆ ಅಂತ ಗೂಬೆ ಕೂರಿಸ್ತಿದ್ದಾರೆ."

"ಒಂದೊಂದೇ ಫೈಲ್ ನಕಲು ಮಾಡಿದ್ಯೇನಪ್ಪ?" ಎಂದರು ಅತ್ತೆ.

"ಹಾಗೇ ಮಾಡು ಅಂದಿದ್ರು. ಅಷ್ಟು ತಾಳ್ಮೆ ಯಾರಿಗಿದೆ? ಕೇಬಲ್ ಹಾಕಿ ಇಡೀ ಪಾರ್ಟಿಷನ್ನನ್ನೇ, ಅಂದ್ರೆ ಡಿಸ್ಕಿನ ಆ ಭಾಗವನ್ನೇ, ಇದ್ದ ಹಾಗೆ ಇಳಿಸಿದೆ, ಖಾಲಿ ಜಾಗ ಸಮೇತ. ಹಳೇ ಡಿಸ್ಕ್ ಒಡೆದುಹಾಕಾಯ್ತು."

ಅತ್ತೆ ಅವನ ಕಿವಿಯಲ್ಲಿ ಏನೋ ಹೇಳಿ ಕೆಲಸಕ್ಕೆ ಕೂರಿಸಿದರು. ಮಧ್ಯಾಹ್ನ ಎಲ್ಲರನ್ನೂ ಎಕ್ಸ್‌ರೇ ಕೋಣೆಗೆ ಕರೆಸಿದರು. ಪರದೆಯ ಮೇಲೆ ಪಕ್ಕದಿಂದ ತೆಗೆದ ಚಿತ್ರವಿತ್ತು. ಹೃದಯದ ಹಿಂದೆ ಬಿಳಿಚಿದ ನೆರಳು.

"ಫೈಲ್ ಅಳಿಸಿದ್ರೆ ಪಟ್ಟಿಯಿಂದ ಹೆಸರು ಮಾತ್ರ ಹೋಗುತ್ತೆ," ಎಂದರು ಅತ್ತೆ. "ಆ ಜಾಗದಲ್ಲಿ ಬೇರೇನಾದ್ರೂ ತುಂಬೋವರೆಗೆ ಚಿತ್ರ ಅಲ್ಲೇ ಇರುತ್ತೆ. ಬರೀ ಫೈಲ್ ಸಾಗಿಸಿದ್ದಿದ್ರೆ ಇದು ಹಳೇ ಡಿಸ್ಕಿನ ಜೊತೆ ಮಣ್ಣಾಗ್ತಿತ್ತು. ಈತ ಖಾಲಿ ಜಾಗವನ್ನೂ ತಂದ. ಹುಡುಕಿಸಿದೆ, ಸಿಕ್ತು."

"ಅಳಿಸಿದ್ದು ಯಾರು?" ಎಂದೆ.

ಅತ್ತೆ ಡಾಕ್ಟರ ಕಡೆ ತಿರುಗಿದರು. "ಒಂದೇ ಚಿತ್ರ ಬಂದಿದ್ರೆ ಹೃದಯದ ಹಿಂಬದಿ ಸ್ವಚ್ಛ ಅಂತ ಹೇಗೆ ಬರೆದ್ರಿ, ಡಾಕ್ಟ್ರೇ? ಎರಡೂ ಬಂದಿತ್ತು. ಬರಲಿಲ್ಲ ಅಂತ ಸುಳ್ಳು ಹೇಳೋ ಅಗತ್ಯ ಅಳಿಸಿದವರಿಗೆ ಮಾತ್ರ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವತ್ತು ಎಂಬತ್ತು ಜನ ಕಾಯ್ತಿದ್ರು. ಎರಡನೇದನ್ನ ತೆರೆದೇ ನೋಡ್ಲಿಲ್ಲ. ದಿನಾ ಬರೆಯೋ ಸಾಲನ್ನೇ ಬರೆದುಬಿಟ್ಟೆ. ಗಡ್ಡೆ ವಿಷಯ ಗೊತ್ತಾದ ಮೇಲೆ... ಅಳಿಸಿದೆ."

ಎಕ್ಸ್‌ರೇಯವಳು ನಿರಾಳವಾಗಿ ಉಸಿರು ಬಿಡುತ್ತಾಳೆ ಎಂದುಕೊಂಡಿದ್ದೆ. ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ.

"ತೆಗೆದಾಗಲೇ ಈ ನೆರಳು ನನ್ನ ಕಣ್ಣಿಗೆ ಬಿದ್ದಿತ್ತು ಅಮ್ಮ. ಡಾಕ್ಟರು ನೋಡ್ತಾರಲ್ಲ, ನನಗ್ಯಾಕೆ ಅಂತ ಬಾಯಿ ಬಿಡಲಿಲ್ಲ."

ಅತ್ತೆ ಅವಳ ಬೆನ್ನ ಮೇಲೆ ಕೈಯಿಟ್ಟರು.

"ಚಾಲಕನ ಹೆಂಡತಿ ಹೊರಗೆ ಕೂತಿದ್ದಾಳೆ. ಬಾ, ಇದನ್ನ ನೀನೇ ಹೇಳಬೇಕು."